ಗಣಿತದ ಪಾಠ ಒಬ್ಬರ ಕೆಲಸವಲ್ಲ

ಗಣಿತವೆಂದೊಡನೆ ಮುಖ ಬಾಡುವ ವಿದ್ಯಾರ್ಥಿಗಳು ಎಲ್ಲ ಶಾಲೆಗಳಲ್ಲಿಯೂ ಇದ್ದಾರೆ. ಕೂಡುವುದರಲ್ಲಿ, ಕಳೆಯುವುದರಲ್ಲಿ ಚುರುಕಾಗಿದ್ದ ಬಾಲಕನೇ ಆರು, ಏಳು, ಎಂಟನೆಯ ತರಗತಿಗಳಲ್ಲಿ ಭಿನ್ನರಾಶಿ, ದಶಮಾಂಶ, ಋಣಸಂಖ್ಯೆ, ಬೀಜಗಣಿತಗಳು ಒಂದರ ಹಿಂದೊಂದು ಬಂದಾಗ ದಿಕ್ಕುಗೆಡುವುದುಂಟು. ಆಗ ತಪ್ಪು ಯಾರದೆಂಬ ಪ್ರಶ್ನೆ ಏಳುತ್ತದೆ. ತಂದೆತಾಯಿಗಳು ಉಪಾಧ್ಯಾಯರತ್ತ ಬೆರಳು ತೋರುತ್ತಾರೆ; ಉಪಾಧ್ಯಾಯರು ಬಾಲಕನ ಆಲಸ್ಯವನ್ನು ದೂರುತ್ತಾರೆ; ಬಾಲಕನೋ ತನ್ನ ತಲೆಗೆ ಗಣಿತ ಹತ್ತದೆಂದು ನಂಬಿ ಸುಮ್ಮನಾಗುತ್ತಾನೆ. ಈ ಮೂರನೆಯದೇ ಎಲ್ಲಕ್ಕಿಂತ ದೊಡ್ಡ ನಷ್ಟ. ನಮ್ಮ ಅಭಿಪ್ರಾಯದಲ್ಲಿ ದೋಷವು ಬಹುಮಟ್ಟಿಗೆ ಪದ್ಧತಿಯಲ್ಲಿದೆ. ಕಠಿನವಾದ ಪಾಠವನ್ನು ಒಬ್ಬ ಉಪಾಧ್ಯಾಯರು ಒಬ್ಬರೇ ಕುಳಿತು ಸಿದ್ಧಪಡಿಸಿ, ಒಬ್ಬರೇ ಕಲಿಸಿ, ಅದರ ಸೋಲುಗೆಲವುಗಳನ್ನೂ ಒಬ್ಬರೇ ಹೊರುವಂತೆ ನಾವು ಏರ್ಪಡಿಸಿಕೊಂಡಿದ್ದೇವೆ. ಈ ಏರ್ಪಾಡು ಮಾರ್ಪಡಬೇಕು.

ಉಪಾಧ್ಯಾಯರು ಪಾಠ ಟಿಪ್ಪಣಿಯನ್ನು ಬರೆಯುವುದು ಹಳೆಯ ಪದ್ಧತಿ. ರಾತ್ರಿ ಮನೆಯಲ್ಲಿ ಬರೆದದ್ದು ಬೆಳಗ್ಗೆ ಮುಖ್ಯೋಪಾಧ್ಯಾಯರ ಮೇಜಿಗೆ ಹೋಗಿ, ಸಹಿಯಾಗಿ ಹಿಂತಿರುಗುತ್ತದೆ. ಅದನ್ನು ಇನ್ನೊಬ್ಬ ಗಣಿತದ ಉಪಾಧ್ಯಾಯರು ಓದಿ, ಇಲ್ಲಿ ಮಕ್ಕಳು ಎಡವುತ್ತಾರೆ ನೋಡಿ ಎಂದು ಹೇಳುವ ಅವಕಾಶವೇ ಇಲ್ಲ. ರೋಗ ಕ್ಲಿಷ್ಟವಾದಾಗ ಇಬ್ಬರು ಮೂವರು ವೈದ್ಯರು ಕೂಡಿ ಆಲೋಚಿಸುವುದನ್ನು ನಾವು ಬಲ್ಲೆವು. ನಲವತ್ತು ಮಕ್ಕಳ ಬುದ್ಧಿಯನ್ನು ತಿದ್ದಬೇಕಾದ ಪಾಠಕ್ಕೆ ಅಷ್ಟು ಆಲೋಚನೆ ಬೇಡವೆ?

ಒಂದು ಉದಾಹರಣೆಯಿಂದ ಈ ಮಾತು ಸ್ಪಷ್ಟವಾದೀತು. ಅರ್ಧಕ್ಕೆ ಮೂರನೆಯ ಒಂದು ಪಾಲನ್ನು ಕೂಡಿಸೆಂದರೆ ಎಷ್ಟೋ ವಿದ್ಯಾರ್ಥಿಗಳು ಮೇಲಿನದನ್ನು ಮೇಲಿನದಕ್ಕೂ, ಕೆಳಗಿನದನ್ನು ಕೆಳಗಿನದಕ್ಕೂ ಕೂಡಿಸಿ 2/5 ಎಂದು ಬರೆಯುತ್ತಾರೆ. ಒಂಟಿಯಾಗಿ ದುಡಿಯುವ ಉಪಾಧ್ಯಾಯರು ಅದಕ್ಕೆ ಕೆಂಪು ಗೀಟು ಹಾಕಿ, ಛೇದಗಳನ್ನು ಸಮಮಾಡುವ ಸೂತ್ರವನ್ನು ಮತ್ತೊಮ್ಮೆ ಹೇಳಿ ಮುಂದೆ ಹೋಗುತ್ತಾರೆ. ಕಾಲ ಸಾಲದು, ಅವರನ್ನು ಆಕ್ಷೇಪಿಸುವಂತಿಲ್ಲ. ಆದರೆ ನಾಲ್ವರು ಉಪಾಧ್ಯಾಯರು ಒಂದೆಡೆ ಕುಳಿತರೆ, ಬಾಲಕನು ಹಾಗೇಕೆ ಬರೆದನೆಂಬ ಪ್ರಶ್ನೆ ಹುಟ್ಟುತ್ತದೆ. ಒಬ್ಬರು ಹೀಗೆನ್ನಬಹುದು: ಮೊದಲ ವಾರ ಎರಡು ಆಟಗಳಲ್ಲಿ ಒಂದನ್ನೂ, ಮುಂದಿನ ವಾರ ಮೂರು ಆಟಗಳಲ್ಲಿ ಒಂದನ್ನೂ ಗೆದ್ದ ತಂಡವು ಒಟ್ಟು ಐದರಲ್ಲಿ ಎರಡನ್ನು ಗೆದ್ದಿತಷ್ಟೆ, ಬಾಲಕನ ಉತ್ತರ ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರವಾಗಿದೆ! ಇನ್ನೊಬ್ಬರು ಹೂವಾಡಗಿತ್ತಿಯ ಬುಟ್ಟಿಯನ್ನು ತರಬಹುದು: ಅರ್ಧ ಮಾರು ಹೂವಿಗೆ ಮತ್ತಷ್ಟು ಹೂವು ಸೇರಿಸಿದ ಮೇಲೆ ಒಟ್ಟು ಅರ್ಧ ಮಾರಿಗಿಂತ ಕಡಮೆಯಾಗುವುದುಂಟೆ? 2/5 ಅರ್ಧಕ್ಕಿಂತ ಚಿಕ್ಕದಲ್ಲವೆ? ಈ ಒಂದು ಪ್ರಶ್ನೆಯಿಂದ ವಿದ್ಯಾರ್ಥಿಯು ತನ್ನ ಉತ್ತರವನ್ನು ತಾನೇ ಪರೀಕ್ಷಿಸಿಕೊಳ್ಳಬಲ್ಲನು.

ಚರ್ಚೆ ಅಲ್ಲಿಗೇ ಮುಗಿಯುವುದಿಲ್ಲ. ದುಂಡಗಿನ ರೊಟ್ಟಿಯ ಚಿತ್ರದಿಂದ ಕಲಿಸುವುದೊ, ಉದ್ದನೆಯ ಕಾಗದದ ಪಟ್ಟಿಯಿಂದಲೊ? ರೊಟ್ಟಿಯನ್ನು ಸಮನಾಗಿ ಮೂರು ಭಾಗ ಮಾಡುವುದು ಮಕ್ಕಳಿಗೆ ಕಷ್ಟ. ಪಟ್ಟಿಯನ್ನು ಮಡಿಸುವುದು ಸುಲಭ. ಅರ್ಧಕ್ಕೆ ಕಾಲನ್ನು ಕೂಡಿಸುವ ಲೆಕ್ಕ ಮೊದಲು ಬರಬೇಕೊ, ಮೂರನೆಯ ಒಂದನ್ನು ಕೂಡಿಸುವ ಲೆಕ್ಕವೊ? ಅರ್ಧವೂ ಕಾಲೂ ಸೇರಿ ಮುಕ್ಕಾಲೆಂಬುದು ಅಂಗಡಿಯ ವ್ಯವಹಾರದಿಂದಲೇ ಗೊತ್ತು. ಅಲ್ಲಿ ಸಮಚ್ಛೇದದ ಅಗತ್ಯವೇ ಮನಸ್ಸಿಗೆ ತಟ್ಟದು. ಮೂರನೆಯ ಒಂದು ಬಂದಾಗ ಪಟ್ಟಿಯನ್ನು ಆರು ಭಾಗ ಮಾಡಲೇಬೇಕಾಗಿ, 5/6 ಎಂಬ ಉತ್ತರ ಕಣ್ಣಿಗೆ ಕಾಣುತ್ತದೆ. ಆದರೆ ಅದನ್ನೇ ಮೊದಲು ಕೊಟ್ಟರೆ ಕೆಲವರು ಬೆದರಿಯಾರು. ಇಲ್ಲಿ ಉಪಾಧ್ಯಾಯರಲ್ಲಿ ಭಿನ್ನಾಭಿಪ್ರಾಯ ಬರುವುದು ಸಹಜ. ಆ ಭಿನ್ನಾಭಿಪ್ರಾಯವೇ ಲಾಭ.

ಜಪಾನ್ ದೇಶದಲ್ಲಿ ಈ ಕ್ರಮವು ಶತಮಾನಕ್ಕಿಂತ ಹೆಚ್ಚು ಕಾಲದಿಂದ ನಡೆದುಬಂದಿದೆ. ಅದನ್ನು ಜುಗ್ಯೋ ಕೆಂಕ್ಯು, ಎಂದರೆ ಪಾಠದ ಅಧ್ಯಯನವೆಂದು ಕರೆಯುತ್ತಾರೆ. ಕೆಲವರು ಕೂಡಿ ಒಂದು ಪಾಠವನ್ನು ಯೋಜಿಸುತ್ತಾರೆ; ಒಬ್ಬರು ಕಲಿಸುತ್ತಾರೆ; ಉಳಿದವರು ಹಿಂದೆ ನಿಂತು ಮಕ್ಕಳು ಏನು ಬರೆಯುತ್ತಾರೆ, ಎಲ್ಲಿ ತಡೆಯುತ್ತಾರೆಂದು ನೋಡುತ್ತಾರೆ; ಬಳಿಕ ಪಾಠವನ್ನು ತಿದ್ದಿ ಇನ್ನೊಂದು ತರಗತಿಯಲ್ಲಿ ಕಲಿಸುತ್ತಾರೆ. ಚೀನದ ಶಾಲೆಗಳಲ್ಲಿಯೂ ಒಂದೇ ವಿಷಯದ ಉಪಾಧ್ಯಾಯರು ಕೂಡಿ ಪಠ್ಯಪುಸ್ತಕವನ್ನು ಅಭ್ಯಸಿಸುವ ರೂಢಿಯಿದೆ. ಲಿಪಿಂಗ್ ಮಾ ಎಂಬ ವಿದುಷಿಯು 1999ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಮುಕ್ಕಾಲನ್ನು ಅರ್ಧದಿಂದ ಭಾಗಿಸುವ ಲೆಕ್ಕದ ಪ್ರಸ್ತಾಪವಿದೆ. ಆಕೆ ಪ್ರಶ್ನಿಸಿದ 72 ಮಂದಿ ಚೀನೀ ಉಪಾಧ್ಯಾಯರೂ ಅದನ್ನು ಸರಿಯಾಗಿ ಮಾಡಿದರು. 23 ಮಂದಿ ಅಮೆರಿಕದ ಉಪಾಧ್ಯಾಯರಲ್ಲಿ ಸರಿಯಾಗಿ ಮಾಡಿದವರು ಅರ್ಧಕ್ಕಿಂತಲೂ ಕಡಮೆ. ಒಂದು ಮುಕ್ಕಾಲು ಸೇರು ಅಕ್ಕಿಯನ್ನು ಅರ್ಧ ಸೇರಿನ ಪಾತ್ರೆಯಿಂದ ಅಳೆದರೆ ಮೂರೂವರೆ ಸಲವಾಗುತ್ತದೆಂದು ನಮ್ಮ ಅಜ್ಜಿಯರು ಹೇಳಿಯಾರು. ಆ ಅಳತೆಯನ್ನೂ ಸೂತ್ರವನ್ನೂ ಬೆಸೆಯುವುದೇ ಉಪಾಧ್ಯಾಯರ ವಿದ್ಯೆ. ಅದು ಸಹೋದ್ಯೋಗಿಗಳ ಸಂವಾದದಲ್ಲಿ ಬೆಳೆಯುತ್ತದೆ.

ದೂರದ ದೇಶಗಳ ಮಾತು ಸಾಕು. ನಮ್ಮ ನೆರೆಯ ಕೇರಳವನ್ನು ನೋಡೋಣ. ಹಿಂದಿನ ಕೊಚ್ಚಿ ಸಂಸ್ಥಾನದ ಇರಿಞಾಲಕುಡದವನೆಂದು ಬಹುಮಂದಿ ವಿದ್ವಾಂಸರು ಹೇಳುವ ಸಂಗಮಗ್ರಾಮದ ಮಾಧವನು ಹದಿನಾಲ್ಕನೆಯ ಶತಮಾನದಲ್ಲಿಯೇ ವೃತ್ತದ ಪರಿಧಿಯನ್ನು ಅನಂತ ಶ್ರೇಢಿಯಿಂದ ಗಣಿಸಿದನು. ಆದರೆ ಅವನ ಶೋಧಗಳು ನಮಗೆ ತಿಳಿದಿರುವುದು ಮುಖ್ಯವಾಗಿ ಶಿಷ್ಯಪರಂಪರೆಯಿಂದ. ಪರಮೇಶ್ವರ, ದಾಮೋದರ, ನೀಲಕಂಠ ಸೋಮಯಾಜಿ, ಜ್ಯೇಷ್ಠದೇವ ಇವರು ಒಬ್ಬರ ವಿಚಾರವನ್ನು ಒಬ್ಬರು ಪರೀಕ್ಷಿಸಿ ವಿಸ್ತರಿಸಿದರು. ಜ್ಯೇಷ್ಠದೇವನು ಸುಮಾರು 1530ರಲ್ಲಿ ಬರೆದ ‘ಯುಕ್ತಿಭಾಷಾ’ ಗ್ರಂಥವು ಸೂತ್ರಗಳ ಜೊತೆಗೆ ಅವುಗಳ ಯುಕ್ತಿಯನ್ನೂ ಮಲೆಯಾಳದಲ್ಲಿ ವಿವರಿಸುತ್ತದೆ. 1948ರಲ್ಲಿ ಅದರ ಮೊದಲ ಭಾಗವನ್ನು ಕೊಚ್ಚಿ ರಾಜಮನೆತನದ ರಾಮವರ್ಮ ತಂಬುರಾನ್ ಮತ್ತು ಅಖಿಲೇಶ್ವರಯ್ಯರ್ ಇಬ್ಬರೂ ಕೂಡಿ ವ್ಯಾಖ್ಯಾನಸಹಿತ ಪ್ರಕಟಿಸಿದರು. ಗಣಿತವು ಏಕಾಂಗಿಗಳ ತಪಸ್ಸೆಂದು ತಿಳಿದವರು ಈ ಪರಂಪರೆಯನ್ನು ನೆನೆಯಬೇಕು.

ಈ ಕಾಲದಲ್ಲಿಯೂ ಕೇರಳದವರು ಉಪಾಧ್ಯಾಯರನ್ನು ಒಂದೆಡೆ ಸೇರಿಸುವ ಯತ್ನವನ್ನು ಮಾಡಿದ್ದಾರೆ. 1994ರಲ್ಲಿ ಅಲ್ಲಿ ಪ್ರಾರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಮೊದಲ ಜಿಲ್ಲೆಗಳಲ್ಲಿ ನಮ್ಮ ಕಾಸರಗೋಡೂ ಒಂದು. ಬೇಸಗೆ ರಜೆಯ ತರಬೇತಿಯಲ್ಲದೆ, ವರ್ಷದ ನಡುವೆ ಅಕ್ಕಪಕ್ಕದ ಶಾಲೆಗಳವರು ವಿಷಯವಾರು ಸೇರುವ ಕ್ಲಸ್ಟರ್ ಸಭೆಗಳು ಅಲ್ಲಿ ರೂಢಿಗೆ ಬಂದವು. ತಿರುವನಂತಪುರದ ರಾಜ್ಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವಾಗ ಶಾಲೆಯ ಉಪಾಧ್ಯಾಯರನ್ನೂ ಕಾರ್ಯಶಿಬಿರಗಳಲ್ಲಿ ಕೂರಿಸುತ್ತದೆ. ಅಲ್ಲಿ ರೂಪುಗೊಂಡ ಗಣಿತ ಪುಸ್ತಕಗಳು ಮಲೆಯಾಳ, ಇಂಗ್ಲಿಷು, ತಮಿಳುಗಳಲ್ಲದೆ ಕನ್ನಡದಲ್ಲಿಯೂ ಅಚ್ಚಾಗಿ ಕಾಸರಗೋಡಿನ ಮಕ್ಕಳ ಕೈಸೇರುತ್ತವೆ. ಆದರೆ ಪುಸ್ತಕ ಕನ್ನಡದ್ದಾದರೆ ಸಾಲದು. ಪಾಠದ ಆಲೋಚನೆಯೂ ಕನ್ನಡದಲ್ಲಿ ನಡೆಯಬೇಕು. ಕನ್ನಡವರಿಯದವರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದಾಗ ಆ ಜಿಲ್ಲೆಯ ವಿದ್ಯಾರ್ಥಿಗಳು ಪ್ರತಿಭಟಿಸಿದ್ದು ನ್ಯಾಯವೇ. ಮಗುವಿನ ತಪ್ಪಿನೊಳಗಿನ ತರ್ಕವನ್ನು ತಿಳಿಯಬೇಕಾದರೆ ಮಗುವಿನ ಮಾತು ತಿಳಿಯಬೇಡವೆ?

ಇದಕ್ಕೆ ಆಕ್ಷೇಪಗಳೂ ಉಂಟು. ಸಭೆಗಳಲ್ಲಿ ಸುತ್ತೋಲೆ ಓದಿ, ಅಂಕಿಅಂಶ ಸಂಗ್ರಹಿಸಿ, ಚಹ ಕುಡಿದು ಚದರುವುದೇ ಆಗುತ್ತದೆಂದು ಕೆಲವರು ಹೇಳುತ್ತಾರೆ. ಅಂಥ ಸಭೆ ವ್ಯರ್ಥವೆಂಬುದನ್ನು ನಾವೂ ಒಪ್ಪುತ್ತೇವೆ. ಒಂದೇ ಪಾಠವನ್ನು ಎದುರಿಗಿಟ್ಟುಕೊಳ್ಳದ ಸಭೆಗೆ ಪಾಠಯೋಜನೆಯ ಹೆಸರು ಸಲ್ಲದು. ಪ್ರತಿಯೊಬ್ಬ ಉಪಾಧ್ಯಾಯರಿಗೂ ತಮ್ಮದೇ ಶೈಲಿಯುಂಟು, ಅದು ಕೆಡುತ್ತದೆ ಎನ್ನುವರು ಇನ್ನು ಕೆಲವರು. ರಾಗ ಒಂದೇ ಆದರೂ ಹಾಡುವವರ ಮನೋಧರ್ಮ ಬೇರೆಬೇರೆಯಾಗಿರುವಂತೆ, ಯೋಜನೆ ಒಂದೇ ಆದರೂ ಕಲಿಸುವ ರೀತಿ ಅವರವರದೇ ಆಗಿ ಉಳಿಯುತ್ತದೆ. ಕಾಲದ ಆಕ್ಷೇಪ ಮಾತ್ರ ಗಂಭೀರವಾದುದು. 25 ಶನಿವಾರಗಳನ್ನು ಶಾಲೆಯ ಕೆಲಸದ ದಿನಗಳನ್ನಾಗಿಸಿದ ಸರಕಾರದ ಆಜ್ಞೆಯನ್ನು ಕೊಚ್ಚಿಯಲ್ಲಿರುವ ಕೇರಳದ ಉಚ್ಚ ನ್ಯಾಯಾಲಯವು 2024ರಲ್ಲಿ ರದ್ದುಪಡಿಸಿತು. ಮಕ್ಕಳಿಗೂ ಉಪಾಧ್ಯಾಯರಿಗೂ ವಿರಾಮ ಬೇಕು. ಆದಕಾರಣ ಈ ಕೂಡುಕೆಲಸಕ್ಕೆ ರಜೆಯನ್ನು ಕಸಿಯದೆ, ವಾರದ ವೇಳಾಪಟ್ಟಿಯಲ್ಲಿಯೇ ಒಂದು ಅವಧಿಯನ್ನು ಬಿಟ್ಟುಕೊಡಬೇಕು.

ನಮ್ಮ ಕರ್ನಾಟಕದಲ್ಲಿ ಇದಕ್ಕೆ ನೆಲೆ ಇಲ್ಲದಿಲ್ಲ. ಕ್ಲಸ್ಟರುಗಳ ಸಮಾಲೋಚನಾ ಸಭೆ ನಮಗೆ ಹೊಸತಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಉಪಾಧ್ಯಾಯರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ತಮ್ಮ ವೃತ್ತಿಯ ಬೆಳವಣಿಗೆಗೆ ವಿನಿಯೋಗಿಸಬೇಕೆಂದು ಹೇಳಿದೆ. ಅದರಲ್ಲಿ ಅರ್ಧವನ್ನಾದರೂ ಕೂಡಿ ಪಾಠ ಯೋಜಿಸುವುದಕ್ಕೆ ಮೀಸಲಿಡಬಾರದೇಕೆ? ನಗರದ ಕನ್ನಡ ಶಾಲೆಗಳಲ್ಲಿ ಗಣಿತಕ್ಕೆ ಒಬ್ಬರೇ ಉಪಾಧ್ಯಾಯರಿರುವುದುಂಟು. ಆದರೆ ನೆರೆಯ ಶಾಲೆ ಬಹಳ ದೂರವಿಲ್ಲ. ನಾಲ್ಕು ಶಾಲೆಗಳವರು ಸೇರಿ ಅವಧಿಗೆ ಒಂದೊಂದು ಕಠಿನ ಪಾಠವನ್ನು ಹದಮಾಡಿದರೂ, ಕೆಲವು ವರ್ಷಗಳಲ್ಲಿ ಕನ್ನಡದಲ್ಲಿ ಒಳ್ಳೆಯ ಪಾಠಗಳ ಒಂದು ಭಂಡಾರವೇ ಆದೀತು.

ವಿದ್ಯಾರ್ಥಿಮಿತ್ರರೆ, ಇದು ಹಿರಿಯರ ವಿಷಯ, ನಮಗೇನು ಎನ್ನಬೇಡಿರಿ. ಉಪಾಧ್ಯಾಯರು ಎಷ್ಟೇ ಮಂದಿ ಕೂಡಿದರೂ ಅವರು ಆಲೋಚಿಸಬೇಕಾದ ಸಾಮಗ್ರಿ ನಿಮ್ಮಲ್ಲಿದೆ. ತಪ್ಪಾದ ಲೆಕ್ಕವನ್ನು ರಬ್ಬರಿನಿಂದ ಅಳಿಸಿ, ಹಲಗೆಯ ಮೇಲಿನ ಉತ್ತರವನ್ನು ನಕಲುಮಾಡಿದರೆ ನಿಮ್ಮ ಯೋಚನೆಯ ಗುರುತೇ ಉಳಿಯದು. ಒಂದು ಗೀಟೆಳೆದು ಅದನ್ನು ಹಾಗೆಯೇ ಉಳಿಸಿರಿ; ಹೀಗೆ ಯೋಚಿಸಿದ್ದರಿಂದ ಹೀಗೆ ಬಂದಿತೆಂದು ಧೈರ್ಯವಾಗಿ ಹೇಳಿರಿ; ಪಕ್ಕದವನು ಬೇರೆ ದಾರಿ ಹಿಡಿದಿದ್ದರೆ ಕೇಳಿ ತಿಳಿಯಿರಿ. ನಿಮ್ಮ ಉಪಾಧ್ಯಾಯರು ಇನ್ನೊಬ್ಬರನ್ನು ತರಗತಿಗೆ ಕರೆತಂದು ಹಿಂದಿನ ಬೆಂಚಿನಲ್ಲಿ ಕೂರಿಸಿದರೆ, ತನಿಖೆ ಬಂದಿತೆಂದು ಹೆದರಬೇಡಿರಿ. ನಿಮಗೆ ಅರ್ಥವಾಗುವ ಪಾಠವನ್ನು ಹುಡುಕುವುದಕ್ಕಾಗಿ ಇಬ್ಬರು ಬಂದಿದ್ದಾರೆಂದು ತಿಳಿಯಿರಿ.