ಏರಿಯ ಕೆಳಗಿನ ಜನ

2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಮಣ್ಣಿನ ಅಣೆಕಟ್ಟು ಒಡೆದು, ಕೆಳಗಿನ ಮನೆಗಳು ಜನರ ಸಮೇತ ಕೊಚ್ಚಿಹೋದವು. ಕಟ್ಟೆ ಸೋರುತ್ತಿದೆಯೆಂದು ಊರವರು ಮೊದಲೇ ದೂರಿದ್ದರು. ಏಡಿಗಳು ಕೊರೆದದ್ದೇ ಕಾರಣವೆಂದು ಆ ರಾಜ್ಯದ ಮಂತ್ರಿಗಳು ಹೇಳಿದರು. ಏಡಿಗೆ ಜನರ ಅರ್ಜಿಯನ್ನು ಓದಲು ಬಾರದು, ಸರ್ಕಾರಕ್ಕೆ ಬಾರದೆ?

ದೋಷ ಮಣ್ಣಿನದಲ್ಲ. ಒಂದೇ ಬಗೆಯ ಹದವಾದ ಮಣ್ಣನ್ನು ಪದರಪದರವಾಗಿ ದಮ್ಮಸು ಮಾಡಿ ಎತ್ತಿದ ಏರಿಗಳು ನಮ್ಮ ಕೆರೆಗಳಲ್ಲಿ ಶತಮಾನಗಳಿಂದ ನಿಂತಿವೆ. ದೊಡ್ಡ ಕಟ್ಟೆಗಳಲ್ಲಿ ನೀರು ತಡೆಯಲು ನಡುವೆ ಜೇಡಿಮಣ್ಣಿನ ಗೋಡೆ, ಅದಕ್ಕೆ ಆಸರೆಯಾಗಿ ಎರಡೂ ಮಗ್ಗುಲಲ್ಲಿ ಗರಸುಮಣ್ಣು. ಬಂಡೆ ಹೇರಳವಾಗಿರುವಲ್ಲಿ ಒಡೆದ ಕಲ್ಲನ್ನೇ ಪೇರಿಸಿ, ಒಳಗೆ ಜೇಡಿಯನ್ನೋ ನೀರಿನ ಕಡೆಯ ಮೈಗೆ ಕಾಂಕ್ರೀಟನ್ನೋ ಕೊಡುತ್ತಾರೆ. 260 ಮೀಟರ್ ಎತ್ತರದ ತೆಹ್ರಿ ಅಣೆಕಟ್ಟು ಕೂಡ ಮಣ್ಣು ಕಲ್ಲುಗಳದ್ದೇ.

ಮಣ್ಣಿನ ಕಟ್ಟೆಯಲ್ಲಿ ಅಷ್ಟಿಷ್ಟು ನೀರು ಜಿನುಗುವುದು ಸಹಜ. ಒಳಗಿನ ಮರಳು, ಜಲ್ಲಿಗಳ ಸೋಸುಪದರ ನೀರನ್ನು ಬಿಟ್ಟು ಮಣ್ಣನ್ನು ಹಿಡಿದಿಡಬೇಕು. ಜಿನುಗುವ ನೀರು ರಾಡಿಯಾದರೆ ಏರಿಯ ಒಡಲೇ ಹೊರಬರುತ್ತಿದೆಯೆಂದು ಅರ್ಥ. ಇದನ್ನು ಮೊದಲು ಕಾಣುವವನು ಕಚೇರಿಯಲ್ಲಿರುವವನಲ್ಲ, ಏರಿಯ ಕೆಳಗೆ ಉಳುವವನು.

1961ರ ಜುಲೈ 12ರಂದು ಪಾನ್ಶೆತ್ ಕಟ್ಟೆ ಒಡೆದು ಪುಣೆ ಮುಳುಗಿತು. ಅಲ್ಲಿ ತೂಬಿನ ಕಾಲುವೆಗೆ ಬೇಕಾದ ಕಬ್ಬಿಣವಿರಲಿಲ್ಲ. ಕೆಲಸ ಮುಗಿಯುವ ಮೊದಲೇ ನೀರು ನಿಂತಿತ್ತು. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು ನದಿಯ ಪ್ರವಾಹಕ್ಕೆ ಕೋಡಿ ಸಾಲದೆ, ನೀರು ಮಣ್ಣಿನ ಏರಿಯನ್ನೇ ಹತ್ತಿ ಹರಿದು ಮೋರ್ಬಿ ಪಟ್ಟಣವನ್ನು ನುಂಗಿತು. ಇವು ದೈವದ ಮುನಿಸಲ್ಲ. ಅವಸರದ, ತಪ್ಪು ಲೆಕ್ಕದ ಫಲ.

2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಮಳೆಗಾಲದ ಮುಂಚೆಯೂ ಅನಂತರವೂ ತಪಾಸಣೆಯನ್ನು ಕಡ್ಡಾಯ ಮಾಡಿದೆ. ಸ್ವಾಗತಾರ್ಹವೇ. ಆದರೆ ಅದು 15 ಮೀಟರಿಗಿಂತ ಎತ್ತರದವಕ್ಕೆ, ಕೆಲವು ಷರತ್ತುಗಳ ಮೇಲೆ 10ರಿಂದ 15 ಮೀಟರಿನವಕ್ಕೆ ಮಾತ್ರ. ಅದಕ್ಕೂ ತಗ್ಗಿನ ಕೆರೆ ಏರಿಗಳು ಹೊರಗುಳಿದಿವೆ. ಅವುಗಳ ಕೆಳಗೆ ಗದ್ದೆಯಿರುವುದು ಬಡ ರೈತನದು, ಗುಡಿಸಲಿರುವುದು ಕೂಲಿಕಾರನದು.

ಆದ್ದರಿಂದ ನಮ್ಮ ಒತ್ತಾಯವಿಷ್ಟು. ಪ್ರತಿ ಮುಂಗಾರಿಗೆ ಮುನ್ನ ಸಣ್ಣ ಏರಿಗಳನ್ನೂ ಊರವರ ಎದುರಿಗೇ ಪರೀಕ್ಷಿಸಬೇಕು. ಸೋರಿಕೆಯ ದೂರನ್ನು ಬರೆದುಕೊಳ್ಳಲು ಪಂಚಾಯಿತಿಯಲ್ಲಿ ಪುಸ್ತಕವಿಟ್ಟು, ಇಂಜಿನಿಯರು ಬಂದು ನೋಡಿದ ದಿನವನ್ನು ಸಹಿಯೊಡನೆ ಕಾಣಿಸಬೇಕು. ಏರಿ ಕಾಯುವ ನೀರಗಂಟಿಗೆ ತಪ್ಪದೆ ಸಂಬಳ ಸಲ್ಲಬೇಕು. ಹೆಣ ಎಣಿಸಿ ಪರಿಹಾರ ಹಂಚುವ ಸರ್ಕಾರಕ್ಕಿಂತ, ಸೋರುವಾಗಲೇ ಗುದ್ದಲಿ ಹಿಡಿಯುವ ಸರ್ಕಾರ ನಮಗೆ ಬೇಕು.