ಮದ್ದಿನೊಳಗಿನ ಮದ್ಯ

ನಮ್ಮ ವಸತಿ ಸಮುಚ್ಚಯದಲ್ಲಿ ಉತ್ತರ ಕರ್ನಾಟಕದ ಹಿರಿಯರೊಬ್ಬರಿದ್ದಾರೆ. ನಾಲ್ಕು ವರ್ಷಗಳ ಹಿಂದೆ ಕುಡಿತವನ್ನು ತೊರೆದವರು. ಬಿಡುವುದಕ್ಕಿಂತ ಬಿಟ್ಟಿರುವುದು ಕಷ್ಟವೆಂದು ಬಲ್ಲ ಅವರು, ವೈದ್ಯರ ಸಲಹೆಯಂತೆ ದಿನವೂ ಡೈಸಲ್ಫಿರಾಮ್ ಮಾತ್ರೆ ಸೇವಿಸುತ್ತಿದ್ದರು. ಕಳೆದ ಮಳೆಗಾಲದಲ್ಲಿ ಅಜೀರ್ಣಕ್ಕೆಂದು ಯಾರೋ ಸೂಚಿಸಿದ ಅರಿಷ್ಟವೊಂದನ್ನು ತಂದು ಎರಡು ಮುಚ್ಚಳ ಕುಡಿದರು. ಅರ್ಧ ಗಂಟೆಯೊಳಗೆ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ವಾಂತಿ ಹಿಡಿಯಿತು. ಆಸ್ಪತ್ರೆಗೆ ಕರೆದೊಯ್ದವರು ನಾವು. ಅಲ್ಲಿನ ಕಿರಿಯ ವೈದ್ಯರು ಕೇಳಿದ ಮೊದಲ ಪ್ರಶ್ನೆ: “ಎಷ್ಟು ಕುಡಿದಿದ್ದಾರೆ?” ಆ ಕ್ಷಣ ಅವರ ಪತ್ನಿಯ ಮುಖದಲ್ಲಿ ಕಂಡದ್ದನ್ನು ನಾವು ಇನ್ನೂ ಮರೆತಿಲ್ಲ.

ಅವರು ಸುಳ್ಳು ಹೇಳಿರಲಿಲ್ಲ. ಡೈಸಲ್ಫಿರಾಮ್, ಮದ್ಯ ದೇಹದಲ್ಲಿ ಜೀರ್ಣವಾಗುವ ದಾರಿಯನ್ನು ನಡುವೆಯೇ ತಡೆಯುತ್ತದೆ. ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತು ರಕ್ತದಲ್ಲಿ ಶೇಖರವಾಗುತ್ತದೆ. ಆ ಮಾತ್ರೆಗೆ ಹೆಂಡದಂಗಡಿಯ ಮದ್ಯ, ಔಷಧದಂಗಡಿಯ ಮದ್ಯ ಎಂಬ ಭೇದವಿಲ್ಲ. ಬಾಟಲಿಯ ಹಿಂಬದಿಯಲ್ಲಿ, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ‘ಸ್ವಯಂಜನ್ಯ ಆಲ್ಕೋಹಾಲ್’ ಎಂಬ ಅರ್ಥದ ಸಾಲು ಇದ್ದೇ ಇತ್ತು. ಕನ್ನಡವನ್ನಷ್ಟೇ ಓದಬಲ್ಲ ಅರವತ್ತರ ಕಣ್ಣುಗಳಿಗೆ ಅದು ಇದ್ದೂ ಇಲ್ಲದಂತೆ.

ಸಂಸ್ಕೃತದಲ್ಲಿ ‘ಅರಿಷ್ಟ’ವೆಂದರೆ ಕೇಡಿಲ್ಲದ್ದು ಎಂದೂ ಅರ್ಥ, ಕೇಡು ಎಂದೂ ಅರ್ಥ. ನಾವು ‘ಬಾಲಾರಿಷ್ಟ’ ಎನ್ನುವಾಗ ಎರಡನೆಯದನ್ನೇ ಬಳಸುತ್ತೇವೆ. ಒಂದೇ ಬಾಟಲಿಯಲ್ಲಿ ಎರಡೂ ಅರ್ಥಗಳು ಅಡಗಿರಬಹುದೆಂದು ಅಂದು ತಿಳಿಯಿತು.

ಮದ್ದಿನಲ್ಲಿ ಮದ್ಯವೇಕೆ ಎಂದು ಮೂಗು ಮುರಿಯುವುದು ನಮ್ಮ ಉದ್ದೇಶವಲ್ಲ. ಎಥನಾಲ್ ವೈದ್ಯಕ್ಕೆ ಸಲ್ಲಿಸಿರುವ ಸೇವೆ ದೊಡ್ಡದು. ನೀರಿಗೆ ಒಲಿಯದ ರಾಳ, ತೈಲಾಂಶ, ಆಲ್ಕಲಾಯ್ಡುಗಳನ್ನು ಅದು ಬೇರು ತೊಗಟೆಗಳಿಂದ ಸೆಳೆದು ತರುತ್ತದೆ. ನೀರಿನೊಡನೆ ಎಷ್ಟು ಬೇಕಾದರೂ ಬೆರೆಯುತ್ತದೆ. ಸಾಕಷ್ಟು ಪ್ರಮಾಣದಲ್ಲಿದ್ದರೆ ಔಷಧ ಕೆಡದಂತೆ ಕಾಯುತ್ತದೆ. ಟಿಂಕ್ಚರುಗಳು ಹುಟ್ಟಿದ್ದು ಹೀಗೆ. ನಮ್ಮ ಆಸವ–ಅರಿಷ್ಟಗಳ ಜಾಣ್ಮೆ ಇನ್ನೂ ವಿಶಿಷ್ಟ: ಅಲ್ಲಿ ಮದ್ಯವನ್ನು ಹೊರಗಿನಿಂದ ಸುರಿಯುವುದಿಲ್ಲ. ಅರಿಷ್ಟಕ್ಕೆ ಮೂಲಿಕೆಗಳ ಕಷಾಯ ತಯಾರಿಸಿ, ಬೆಲ್ಲ ಮತ್ತು ಧಾತಕಿ ಹೂವು ಸೇರಿಸಿ, ಮುಚ್ಚಿದ ಪಾತ್ರೆಯಲ್ಲಿ ವಾರಗಟ್ಟಲೆ ಹುಳಿಯಲು ಬಿಡುತ್ತಾರೆ. ಹುಟ್ಟಿದ ಮದ್ಯವೇ ಮೂಲಿಕೆಯ ಸಾರವನ್ನು ಹಿಡಿದು ರಕ್ಷಿಸುತ್ತದೆ.

ಆದರೆ ತಾನಾಗಿ ಹುಟ್ಟಿತೆಂಬ ಮಾತ್ರಕ್ಕೆ ಅದು ಮದ್ಯವಾಗದೆ ಉಳಿಯುವುದಿಲ್ಲ. ಶೇಕಡ 10ರಷ್ಟು ಆಲ್ಕೋಹಾಲ್ ಇರುವ 450 ಮಿಲಿಲೀಟರಿನ ಬಾಟಲಿಯಲ್ಲಿ 45 ಮಿಲಿಲೀಟರ್ ಶುದ್ಧ ಎಥನಾಲ್ ಇರುತ್ತದೆ, ಎಂದರೆ ಮೂರೂವರೆ ಸಣ್ಣ ಪೆಗ್ ವಿಸ್ಕಿಯಲ್ಲಿರುವಷ್ಟು. ಎರಡು ಚಮಚೆ ಬಹುಪಾಲು ಜನರಿಗೆ ಏನೂ ಮಾಡದು, ನಿಜ. ಆದರೆ ಕುಡಿತ ಬಿಟ್ಟವರು, ಯಕೃತ್ತಿನ ರೋಗಿಗಳು, ಗರ್ಭಿಣಿಯರು, ಮಕ್ಕಳು ಆ ಬಹುಪಾಲಿನಲ್ಲಿ ಸೇರುವುದಿಲ್ಲ. ಬಾಣಂತನದಲ್ಲಿ ದಶಮೂಲಾರಿಷ್ಟ ಕೊಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಾಲೂಡಿಸುವ ತಾಯಿಗೆ ಅದರಲ್ಲೇನಿದೆಯೆಂದು ಹೇಳುವವರು ಎಷ್ಟು ಮಂದಿ?

ಸರ್ಕಾರಿ ಕಡತಗಳ ನಡುವೆ ಬದುಕುವ ನಮಗೆ ಇನ್ನೊಂದು ವಿಚಿತ್ರವೂ ಕಾಣುತ್ತದೆ. ಸಂವಿಧಾನದ 47ನೆಯ ವಿಧಿ ಪಾನನಿರೋಧದ ಗುರಿಯನ್ನು ಹೇಳುತ್ತ, ಔಷಧದ ಉದ್ದೇಶಕ್ಕೆ ವಿನಾಯಿತಿ ನೀಡುತ್ತದೆ. 1949ರ ಮುಂಬಯಿ ಪಾನನಿರೋಧ ಕಾಯಿದೆಯನ್ನು ಬಾಲ್ಸಾರಾ ಎಂಬವರು ಪ್ರಶ್ನಿಸಿದಾಗ, 1951ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯ ಬಹುಭಾಗವನ್ನು ಎತ್ತಿಹಿಡಿದರೂ, ಮದ್ಯಾಂಶವುಳ್ಳ ಔಷಧ ಹಾಗೂ ಪ್ರಸಾಧನಗಳ ಬಳಕೆಯನ್ನು ನಿಷೇಧಿಸುವಷ್ಟರ ಮಟ್ಟಿಗೆ ಅದನ್ನು ಅಸಿಂಧುಗೊಳಿಸಿತು. ಇಂಥ ವಸ್ತುಗಳ ಮೇಲಿನ ಸುಂಕಕ್ಕೆಂದೇ 1955ರಲ್ಲಿ ಪ್ರತ್ಯೇಕ ಕಾಯಿದೆ ಬಂದಿತು. ಸುಂಕ ವಸೂಲಿಗೆ ಔಷಧದೊಳಗಿನ ಮದ್ಯವನ್ನು ಗುರುತಿಸಬಲ್ಲ ವ್ಯವಸ್ಥೆ, ಅದನ್ನು ಕುಡಿಯುವವನಿಗೆ ಸ್ಪಷ್ಟವಾಗಿ ಹೇಳಲು ಏಕೆ ಹಿಂಜರಿಯಬೇಕು?

ಹಾಗಾದರೆ ಮದ್ಯವನ್ನೇ ತೆಗೆದುಬಿಡಬಹುದಲ್ಲ ಎಂದರೆ, ಚರಿತ್ರೆ ಎಚ್ಚರಿಸುತ್ತದೆ. 1937ರಲ್ಲಿ ಅಮೆರಿಕದ ಸಂಸ್ಥೆಯೊಂದು ಸಲ್ಫನಿಲಮೈಡನ್ನು ಡೈಎಥಿಲೀನ್ ಗ್ಲೈಕಾಲಿನಲ್ಲಿ ಕರಗಿಸಿ ‘ಎಲಿಕ್ಸರ್’ ಎಂದು ಮಾರಿತು. ನೂರಕ್ಕೂ ಹೆಚ್ಚು ಜನ ಸತ್ತರು. ವಿಷವನ್ನು ಮಾರಿದ್ದಕ್ಕೆ ಶಿಕ್ಷಿಸಲು ಅಂದಿನ ಕಾನೂನಿನಲ್ಲಿ ಆಸ್ಪದವಿರಲಿಲ್ಲ. ಎಲಿಕ್ಸರ್ ಎಂದರೆ ಆಲ್ಕೋಹಾಲ್ ಇರಬೇಕು, ಇದರಲ್ಲಿ ಇಲ್ಲ ಎಂಬ ತಪ್ಪು ಹೆಸರಿನ ಆರೋಪವೊಂದೇ ಆಧಾರವಾಯಿತು. ಮರುವರ್ಷ ಹೊಸ ಕಾನೂನು ಬಂದಿತು. ದ್ರಾವಕವನ್ನು ಬದಲಿಸುವುದು ಹುಡುಗಾಟವಲ್ಲ, ಚೀಟಿಯ ಮೇಲಿನ ಪದ ಅಲಂಕಾರವೂ ಅಲ್ಲ ಎಂಬ ಎರಡು ಪಾಠಗಳು ಈ ಒಂದೇ ದುರಂತದಲ್ಲಿವೆ.

ಆದ್ದರಿಂದ ನಾವು ಕೇಳುವುದು ನಿಷೇಧವನ್ನಲ್ಲ, ನುಡಿಯನ್ನು. ಔಷಧ ಬರೆಯುವವರು, ಮಾರುವವರು “ಕುಡಿತ ಬಿಟ್ಟಿದ್ದೀರಾ? ಬೇರೆ ಮಾತ್ರೆಯೇನಾದರೂ ಇದೆಯೇ?” ಎಂದು ಒಮ್ಮೆ ಕೇಳಲಿ. ಅರಿಷ್ಟದ ಬದಲು ಕಷಾಯವೋ ಚೂರ್ಣವೋ ಸಾಕಾಗುವಲ್ಲಿ ಅದನ್ನೇ ಕೊಡಲಿ. ಮುಖ್ಯವಾಗಿ, ಬಾಟಲಿಯ ಮುಂಬದಿಯಲ್ಲೇ ಒಂದು ಗುರುತು ಇರಲಿ. ರಾಜ್ಯಭಾಷೆಯಲ್ಲಿ ಬರೆದರೆ ಸಾಲದೇ ಎನ್ನಬಹುದು. ಸಾಲದೆಂಬುದು ಹೊರನಾಡಿನಲ್ಲಿರುವ ನಮಗೆ ಗೊತ್ತು: ಪುಣೆಯಲ್ಲಿ ಮರಾಠಿ, ಚೆನ್ನೈಯಲ್ಲಿ ತಮಿಳು ಅಚ್ಚಾದರೂ ನಮ್ಮ ಹಿರಿಯರಿಗೆ ಅದು ಮೂಕವೇ. ಬಿಸ್ಕತ್ತಿನ ಪೊಟ್ಟಣದ ಹಸಿರು ಚುಕ್ಕೆಯನ್ನು ಅಕ್ಷರ ಬಾರದವರೂ ಓದುತ್ತಾರೆ. ಒಂದು ಬಿಸ್ಕತ್ತು ಸಸ್ಯಾಹಾರವೇ ಎಂದು ತಿಳಿಸಲು ದೇಶವೆಲ್ಲ ಒಪ್ಪಿದ ಚಿಹ್ನೆಯಿರುವಾಗ, ಮದ್ದಿನೊಳಗೆ ಮದ್ಯವಿದೆಯೆಂದು ತಿಳಿಸಲು ಅಂಥದೇ ಒಂದು ಚಿಹ್ನೆ, ಪಕ್ಕದಲ್ಲಿ ಶೇಕಡಾವಾರಿನ ಅಂಕಿ, ಅಸಾಧ್ಯವೇನಲ್ಲ.

ನಮ್ಮ ನೆರೆಯವರು ಚೇತರಿಸಿಕೊಂಡರು. ಪತ್ನಿಯ ಅನುಮಾನ ಕರಗಲು ಮಾತ್ರ, ವೈದ್ಯರೇ ಬಾಟಲಿಯನ್ನು ಕೈಯಲ್ಲಿ ಹಿಡಿದು ವಿವರಿಸಿದ ಮೇಲೂ, ಕೆಲವು ದಿನ ಹಿಡಿಯಿತು. ಈಗ ಯಾವ ಔಷಧ ತಂದರೂ ಅವರು ಮೊದಲು ನಮ್ಮ ಮನೆಯ ಬಾಗಿಲು ತಟ್ಟುತ್ತಾರೆ. ನಾವು ಕನ್ನಡಕ ಏರಿಸಿ ಸಣ್ಣಕ್ಷರಗಳನ್ನು ಓದಿ ಹೇಳುತ್ತೇವೆ. ತಟ್ಟಲು ಅಂಥ ಬಾಗಿಲಿಲ್ಲದವರ ಪಾಡನ್ನು ನೆನೆದು ಇದನ್ನು ಬರೆದಿದ್ದೇವೆ.