ಸೇಂದಿಯೊಳಗಿನ ನಿದ್ರೆಮದ್ದು

ಮಳೆ ಕೈಕೊಟ್ಟ ವರ್ಷ ಆದೋನಿ, ಕೋಸಿಗಿ, ಕೌತಾಳಂ ಕಡೆಯ ನಮ್ಮ ಜನ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಇಲ್ಲವೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವುದು ಇಂದಿಗೂ ನಿಂತಿಲ್ಲ. ಹೈದರಾಬಾದು ಸೇರಿದವರಲ್ಲಿ ಕೆಲವರು ಸಂಜೆ ಸೇಂದಿ ಅಂಗಡಿಯ ದಾರಿ ಹಿಡಿಯುವರು. ಗಂಡಸರಷ್ಟೇ ಅಲ್ಲ, ಮೈನೋವೆಂದು ಹೆಂಗಸರೂ ಕುಡಿಯುವುದುಂಟು. ಮರದ ರಸ ತಾನೆ, ಸಾರಾಯಿಯಲ್ಲವಲ್ಲ ಎಂಬುದು ಅವರ ಸಮಾಧಾನ.

ಆ ಸೀಸೆಯಲ್ಲಿ ಮರದ ರಸ ಎಷ್ಟಿದೆಯೋ ಮಾರುವವನೇ ಬಲ್ಲ! ಬೇಡಿಕೆಯಷ್ಟು ರಸ ದೊರೆಯದ ಕಡೆ ನೀರಿಗೆ ಸಿಹಿಗೆಂದು ಸ್ಯಾಕರಿನ್ನನ್ನೂ, ಅಮಲಿಗೆಂದು ಡಯಾಜೆಪಾಂ, ಅಲ್ಪ್ರಜೋಲಾಂ, ಕ್ಲೋರಲ್ ಹೈಡ್ರೇಟ್ ಎಂಬ ನಿದ್ರೆಯ ಔಷಧಗಳನ್ನೂ ಬೆರೆಸುತ್ತಾರೆ. ಹೊಳೆಯಾಚೆಯ ರಾಯಚೂರು ಸೀಮೆಯಲ್ಲಿ ‘ಸಿ.ಎಚ್. ಪೌಡರ್’ ಎನ್ನುವುದು ಈ ಕ್ಲೋರಲ್ ಹೈಡ್ರೇಟನ್ನೇ. 1869ರಿಂದ ವೈದ್ಯರು ನಿದ್ರೆಗಾಗಿ ಕೊಡುತ್ತ ಬಂದಿದ್ದ ವಸ್ತು. 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಸೇಂದಿ ಕುಡಿದ ಹಲವರು ತೀರಿಕೊಂಡರು. ಪರೀಕ್ಷೆಯಲ್ಲಿ ಅಲ್ಪ್ರಜೋಲಾಂ ಕಂಡುಬಂದಿತು.

ಮದ್ಯವೂ ಈ ಔಷಧಗಳೂ ಮಿದುಳನ್ನು ಮಂದಗೊಳಿಸುವಂಥವು. ಉಸಿರಾಟವನ್ನು ನಡೆಸುವ ಕೇಂದ್ರವಿರುವುದೂ ಅಲ್ಲಿಯೇ. ಒಂದೊಂದನ್ನೇ ಹೇಗೋ ತಾಳಿಕೊಂಡ ದೇಹ ಎರಡೂ ಕೂಡಿದಾಗ ಸೋಲುತ್ತದೆ. ಡಯಾಜೆಪಾಂ ಮೈಯಿಂದ ಇಳಿಯಲು ದಿನಗಳೇ ಹಿಡಿಯುವುದರಿಂದ, ನಿನ್ನೆಯ ಸೇಂದಿಯ ಮೇಲೆ ಇಂದಿನ ಬ್ರಾಂದಿಯೂ ಅಪಾಯವೇ. ಕುಡಿದು ಮಲಗಿದವನನ್ನು ಎಬ್ಬಿಸಿದರೂ ಏಳದೆ, ಉಸಿರು ತಡೆತಡೆದು ಬರತೊಡಗಿ, ತುಟಿ ನೀಲಿಗಟ್ಟಿದರೆ ಅದು ನಿದ್ದೆಯಲ್ಲ. ಬಾಯಿಗೆ ಹುಣಸೆಹುಳಿ, ಮಜ್ಜಿಗೆ ಹೊಯ್ಯದೆ ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆಮಾಡಬೇಕು.

ಇದಕ್ಕಿಂತಲೂ ಮನೆಯವರನ್ನು ದಾರಿತಪ್ಪಿಸುವ ಸಂಗತಿ ಇನ್ನೊಂದಿದೆ. ಊರಿಗೆ ಮರಳಿದವನಿಗೆ ಆ ಸೇಂದಿ ಸಿಗುವುದಿಲ್ಲ. ಕುಡಿತ ಬಿಟ್ಟನೆಂದು ಹೆಂಡತಿ ಹಿಗ್ಗುತ್ತಿರುವಾಗಲೇ, ಕೆಲವೇ ದಿನಗಳಲ್ಲಿ ಅವನ ನಿದ್ದೆ ಕೆಡುತ್ತದೆ, ಕೈ ನಡುಗುತ್ತದೆ. ಇಲ್ಲದ್ದನ್ನು ಕಂಡಂತೆ ಬಡಬಡಿಸುತ್ತಾನೆ. ಫಿಟ್ಸ್ ಬಂದು ಬೀಳುವುದೂ ಉಂಟು. ಗಾಳಿ ಸೋಕಿತೆಂದು ತಾಯತ ಕಟ್ಟಿಸಲು ಓಡುತ್ತಾರೆ. ಗಾಳಿಯಲ್ಲ, ಮೈ ಒಗ್ಗಿಹೋಗಿದ್ದ ನಿದ್ರೆಮದ್ದು ಒಮ್ಮೆಲೇ ನಿಂತುದರ ಫಲವಿದು. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿದಾಗ ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆಸ್ಪತ್ರೆಗೆ ಇಂಥವರು ಬಹುಮಂದಿ ಬಂದಿದ್ದರು.

ವೈದ್ಯರು ಅದೇ ಜಾತಿಯ ಔಷಧವನ್ನು ಅಳತೆಯಿಂದ ಕೊಟ್ಟು, ಕ್ರಮಕ್ರಮವಾಗಿ ಇಳಿಸುತ್ತ ಬಿಡಿಸಬಲ್ಲರು. ಆದರೆ ‘ನಮ್ಮವರು ಕುಡಿಯುವವರಲ್ಲ ಡಾಕ್ಟರೇ’ ಎಂದು ಮಾನಕ್ಕಂಜಿ ಮುಚ್ಚಿಟ್ಟರೆ ಅವರೇನು ಮಾಡಿಯಾರು? ಎಲ್ಲಿಯ ಸೇಂದಿ, ಎಷ್ಟು ಕಾಲದಿಂದ, ಕೊನೆಗೆ ಕುಡಿದದ್ದು ಎಂದು, ಬೇರೆ ಯಾವ ಗುಳಿಗೆ ನುಂಗುತ್ತಿದ್ದಾನೆ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿಬಿಡಿ.